ಐವತ್ತು ದಾಟಿದ ಸಭಾಪಾಲಕರಿಗೆ

ಕ್ರಿಸ್ತನಲ್ಲಿ ಪ್ರಿಯರಾದ ಅಯ್ಯನವರೇ,

ನಿಮ್ಮಲ್ಲಿ ಬಹಳ ಮಂದಿಗೆ ನನ್ನ ಪರಿಚಯವಿಲ್ಲ. ನಾನು ನಿವೃತ್ತ ಸಭಾಪಾಲಕರೊಬ್ಬರ ಹೆಂಡತಿ. ಮದುವೆಯಾದಾಗಿನಿಂದ ಯಜಮಾನರು ಸೇವೆಯಿಂದ ಇಳಿಯುವವರೆಗೆ ನಾನು ಬಾಳುವೆ ಮಾಡಿದ್ದೆಲ್ಲ ಸಭೆಯ ಮನೆಗಳಲ್ಲೇ. ಧಾರವಾಡದ ಕಡೆ, ಗದಗದ ಕಡೆ, ಸ್ವಲ್ಪ ಕಾಲ ಮಲೆನಾಡಿನ ಅಂಚಿನ ಒಂದು ಸಣ್ಣ ಊರಿನಲ್ಲಿ. ಸಂಡೇ ಸ್ಕೂಲು ನಡೆಸಿದ್ದೇನೆ, ಸ್ತ್ರೀ ಸಂಘದ ಲೆಕ್ಕ ಬರೆದಿದ್ದೇನೆ, ಸುಗ್ಗಿ ಹಬ್ಬದ ಹರಾಜಿನಲ್ಲಿ ಯಾರೂ ಕೂಗದೆ ಉಳಿದ ಕುಂಬಳಕಾಯಿಯನ್ನು ಕೊಂಡು ಮನೆಗೆ ತಂದಿದ್ದೇನೆ. ನಿಮ್ಮ ಮನೆಗಳ ಒಳಗಿನ ಬದುಕು ನನಗೆ ಗೊತ್ತು.

ಇದನ್ನು ಗುರುತಿನವರಿಗೆ ಮಾತ್ರ ಬರೆದು ಸುಮ್ಮನಿರಬಹುದಿತ್ತು. ಎಲ್ಲರೂ ಓದುವಂತೆ ಬರೆಯುವುದಕ್ಕೆ ಕಾರಣವೆಂದರೆ, ಈ ವಿಷಯವನ್ನು ನಾವು ನಾಲ್ಕು ಜನರ ಮುಂದೆ ಎತ್ತುವುದೇ ಇಲ್ಲ. ಸಭಾಪಾಲಕರ ಕೂಟಗಳಲ್ಲಿ ಪ್ರಸಂಗದ ತಯಾರಿಯ ಬಗ್ಗೆ ಮಾತಾಗುತ್ತದೆ, ಯುವಜನರ ಬಗ್ಗೆ, ಆಸ್ತಿ ವ್ಯಾಜ್ಯಗಳ ಬಗ್ಗೆ ಮಾತಾಗುತ್ತದೆ. ಸೇವೆ ಮುಗಿದ ಮೇಲೆ ಎಲ್ಲಿರುತ್ತೀರಿ, ಹೇಗಿರುತ್ತೀರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಸಿಗುವ ಉತ್ತರ ಒಂದೇ: "ಕರ್ತನು ನೋಡಿಕೊಳ್ಳುತ್ತಾನೆ." ಆ ಮಾತನ್ನು ನಾನೂ ನಂಬುತ್ತೇನೆ. ಆದರೆ ಅದೇ ಮಾತನ್ನು ಹೇಳಿ ಹೆಂಡತಿಯ ಪ್ರಶ್ನೆಗೆ ಬಾಗಿಲು ಹಾಕಿದ ಮನೆಗಳನ್ನು ನೋಡಿದ್ದೇನೆ. ಅದಕ್ಕಾಗಿ ಈ ಪತ್ರ.

ನಿವೃತ್ತಿ ಎಲ್ಲರಿಗೂ ಬರುತ್ತದೆ, ನಿಜ. ಶಾಲಾ ಮಾಸ್ತರರು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದರೆ ಅದೇ ಮನೆ, ಅದೇ ಓಣಿ, ಭಾನುವಾರ ಅದೇ ದೇವಾಲಯ, ಅದೇ ಬೆಂಚು. ಅವರಿಂದ ಹೋಗುವುದು ಕೆಲಸ ಒಂದು. ಸಭಾಪಾಲಕರಿಗೆ ಕೆಲಸವೂ ಮನೆಯೂ ಸಭೆಯೂ ಒಂದೇ ದಿನ ಹೋಗುತ್ತವೆ. ನಿನ್ನೆಯವರೆಗೆ ಯಾರ ಮಗುವಿಗೆ ಜ್ವರ, ಯಾರ ಮಗನಿಗೆ ಕೆಲಸ ಸಿಕ್ಕಿಲ್ಲ ಎಂದು ಎದೆಯಲ್ಲಿಟ್ಟುಕೊಂಡು ಪ್ರಾರ್ಥಿಸುತ್ತಿದ್ದಿರೋ ಆ ಜನರ ನಡುವೆ ಇವತ್ತು ನಿಮಗೆ ಜಾಗವಿಲ್ಲ. ಈ ಮೂರನ್ನೂ ಒಟ್ಟಿಗೆ ಕಳೆದುಕೊಂಡ ಗಟ್ಟಿ ಮನುಷ್ಯರು ಆರು ತಿಂಗಳಲ್ಲಿ ಕುಗ್ಗಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೇ. ಐವತ್ತು ದಾಟಿದ ಕೂಡಲೇ ಈ ಮೂರನ್ನೂ ಒಂದರಿಂದೊಂದು ಬಿಡಿಸಿ ಇಡಲು ಶುರುಮಾಡಿ. ಮೊದಲು ಮನೆ, ಆಮೇಲೆ ಕೆಲಸ, ಕೊನೆಗೆ ಸಭೆ.

ಬೇರೆಯವರು ನಿವೃತ್ತಿಯಾದರೆ "ಊರಿಗೆ ಹೋಗ್ತೀವಿ" ಎನ್ನುತ್ತಾರೆ. ಅಲ್ಲಿ ಅಪ್ಪ ಕಟ್ಟಿಸಿದ ಮನೆ, ಪಾಲಿಗೆ ಬಂದ ಎರಡೆಕರೆ, ಏನೂ ಇಲ್ಲದಿದ್ದರೆ ಅಣ್ಣತಮ್ಮಂದಿರ ಪಡಸಾಲೆಯಾದರೂ ಇರುತ್ತದೆ. ನಮ್ಮಲ್ಲಿ ಎಷ್ಟು ಮನೆತನಗಳಿಗೆ ಅಂಥ ಊರಿದೆ? ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ದೀಕ್ಷಾಸ್ನಾನ ಪಡೆದವರನ್ನು ಎಷ್ಟೋ ಕಡೆ ಮನೆಯವರು ಹೊರಗೆ ಹಾಕಿದರು, ಹೊಲಮನೆಯ ಪಾಲು ತಪ್ಪಿತು, ಕುಲಕಸುಬೂ ತಪ್ಪಿತು. ಅವರ ಹೊಟ್ಟೆಪಾಡಿಗೆಂದು ಮಿಷನ್ನು ಮಗ್ಗಗಳನ್ನು ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು, ಇರುವುದಕ್ಕೆ ಕಾಂಪೌಂಡಿನಲ್ಲಿ ಸಾಲುಮನೆ ಕೊಟ್ಟಿತು. ನನ್ನ ಅಜ್ಜ ಅಜ್ಜಿ ಬೆಟಗೇರಿಯ ಅಂಥದೊಂದು ಸಾಲಿನಲ್ಲಿ ಬಾಳಿದವರು. ಮನೆ ಸಭೆಯದು, ನಾವು ಅದರಲ್ಲಿರುವವರು ಎಂಬ ಭಾವನೆ ನಮ್ಮ ರಕ್ತದಲ್ಲೇ ಬಂದಿದೆ. ಅದರಲ್ಲಿ ಒಂದು ಚೆಲುವೂ ಇದೆ. ಅದೇ ಕಾರಣಕ್ಕೆ ಅರವತ್ತು ತುಂಬುವವರೆಗೂ ಸ್ವಂತಕ್ಕೊಂದು ಬಾಗಿಲು ಬೇಕೆಂಬ ಯೋಚನೆ ನಮಗೆ ಬರುವುದಿಲ್ಲ.

ನನ್ನ ಗೆಳತಿಯೊಬ್ಬಳ ಗಂಡ ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ಊರಿಗೆ ಊರೇ ಬಂದು ಅತ್ತಿತು. ಎರಡನೆಯ ತಿಂಗಳು ಕಮಿಟಿಯ ಹಿರಿಯರೊಬ್ಬರು ಬಂದರು. ಕುಳಿತುಕೊಳ್ಳಿ ಅಂದರೂ ಕುಳಿತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, "ಹೊಸ ಅಯ್ಯನವರ ಮಕ್ಕಳಿಗೆ ಜೂನ್‌ನಾಗ ಸಾಲಿ ಸುರುವಾಗ್ತದ, ಅಮ್ಮಾರ" ಅಂದರು. ಅವಳಿಗೆ ಅರ್ಥವಾಯಿತು. ಗಂಡನ ಪುಸ್ತಕಗಳನ್ನು ಅಕ್ಕಿಯ ಚೀಲಗಳಲ್ಲಿ ತುಂಬಿದಳು. ವ್ಯಾಖ್ಯಾನ ಗ್ರಂಥಗಳು ದಪ್ಪವಿದ್ದು ಚೀಲದ ಹೊಲಿಗೆ ಬಿಚ್ಚುತ್ತಿತ್ತು, ದಬ್ಬಣ ಹಿಡಿದು ಮತ್ತೆ ಹೊಲಿದಳು. ಅವರ ಬಿಳಿ ನಿಲುವಂಗಿಯನ್ನು ಒಗೆದು ಇಸ್ತ್ರಿ ಮಾಡಿ ಮೇಲಿಟ್ಟಳು. ಸಾಮಾನು ಎಲ್ಲಿಗೆ ಎಂದು ಟೆಂಪೋದವನು ಕೇಳಿದಾಗ ಹೇಳಲು ಅವಳ ಹತ್ತಿರ ವಿಳಾಸವಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಹಿರಿಯರು ಕೆಟ್ಟವರೇನಲ್ಲ, ಬರುವವರಿಗೂ ಮನೆ ಬೇಕಿತ್ತು. ವಿಳಾಸದ ಮಾತು ಅದಕ್ಕೂ ಹತ್ತಿಪ್ಪತ್ತು ವರ್ಷ ಮೊದಲು, ಇಬ್ಬರೂ ಗಟ್ಟಿಯಾಗಿದ್ದಾಗ, ಊಟದ ಮುಂದೆ ಆಗಬೇಕಿತ್ತು.

ಮನೆಯ ಬಗ್ಗೆ ಯೋಚಿಸುವುದು ವಿಶ್ವಾಸದ ಕೊರತೆ ಎಂದು ಯಾರಾದರೂ ಹೇಳಿದರೆ ಯೋಹಾನನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯವನ್ನು ತೆರೆದು ತೋರಿಸಿ. ಶಿಲುಬೆಯ ಮೇಲೆ, ಉಸಿರಾಡುವುದೇ ಕಷ್ಟವಾಗಿದ್ದ ಹೊತ್ತಿನಲ್ಲಿ, ಕರ್ತನು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದನು. ಅಂದಿನಿಂದ ಆ ಶಿಷ್ಯನು ಆಕೆಯನ್ನು ತನ್ನ ಮನೆಯಲ್ಲಿ ಸೇರಿಸಿಕೊಂಡನೆಂದು ಬರೆದಿದೆ. ಲೋಕರಕ್ಷಣೆಯ ಕೆಲಸದ ನಡುವೆಯೂ ವಿಧವೆಯಾದ ತಾಯಿ ಎಲ್ಲಿರುತ್ತಾಳೆ ಎಂಬ ಏರ್ಪಾಡಿಗೆ ಹೊತ್ತಿತ್ತು. ನಮ್ಮ ಕೆಲಸ ಅದಕ್ಕಿಂತ ದೊಡ್ಡದಲ್ಲ.

ದೊಡ್ಡ ಮನೆ ಬೇಡ. ಎರಡು ಕೋಣೆ, ಒಂದು ಅಡುಗೆಮನೆ, ನೆಲಮಹಡಿ, ಹತ್ತಿರದಲ್ಲಿ ಆಸ್ಪತ್ರೆ, ನಡೆದು ಹೋಗುವಷ್ಟು ದೂರದಲ್ಲಿ ದೇವಾಲಯ. ಐವತ್ತರ ಹೊತ್ತಿಗೆ ಊರು ಯಾವುದೆಂದಾದರೂ ಗೊತ್ತುಮಾಡಿ. ಕೊಳ್ಳುವಂತಿದ್ದರೆ ಈಗಲೇ ಕೊಂಡು ಬಾಡಿಗೆಗೆ ಕೊಡಿ, ಪತ್ರವನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಮಾಡಿಸಿ. ಸಭೆಯವರೇ ಒಬ್ಬರು ಅಗ್ಗದ ಸೈಟು ತೋರಿಸುತ್ತಾರೆ. ಪ್ರೀತಿಯಿಂದಲೇ ತೋರಿಸುತ್ತಾರೆ. ಭೂಪರಿವರ್ತನೆಯಾಗದ ರೆವಿನ್ಯೂ ಸೈಟಾಗಿದ್ದರೆ ಆ ಪ್ರೀತಿಗೆ ಮಣಿಯಬೇಡಿ. ಖಾತೆ, ಋಣಭಾರ ಪತ್ರ, ಪರಿವರ್ತನೆ ಆದೇಶ ಮೂರನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಕೊಳ್ಳಲು ಆಗುವುದೇ ಇಲ್ಲವೆಂದರೆ ಬಾಡಿಗೆ ಮನೆಯ ಅಡ್ವಾನ್ಸಿಗೋ ಭೋಗ್ಯಕ್ಕೋ ಬೇಕಾಗುವ ಹಣವನ್ನು ಬೇರೆಯಾಗಿ ಇಟ್ಟು ಅದನ್ನು ಮುಟ್ಟಬೇಡಿ. ಮಕ್ಕಳ ಮನೆ ಇದೆಯಲ್ಲ ಎನ್ನುವವರಿದ್ದಾರೆ. ಮಕ್ಕಳು ಒಳ್ಳೆಯವರೇ. ಆದರೂ ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನಲ್ಲಿ, ಮೊಮ್ಮಗನ ಓದುವ ಮೇಜಿನ ಪಕ್ಕ ಹಾಸಿದ ಹಾಸಿಗೆಯಲ್ಲಿ, ಮೂರು ಸಾವಿರ ಜನರಿಗೆ ಪ್ರಸಂಗ ಮಾಡಿದ ಮನುಷ್ಯ ಹೇಗೆ ಮುದುಡಿ ಮಲಗುತ್ತಾನೆ ಎಂಬುದನ್ನು ಹೆಂಡತಿ ನೋಡಬೇಕಾಗುತ್ತದೆ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಬೇಕಾದದ್ದು ಧೈರ್ಯವಾಗಿ ಕೇಳುವುದು. ನಿಮ್ಮ ಭವಿಷ್ಯನಿಧಿ ಸಭಾಪ್ರಾಂತ್ಯದ ಸ್ವಂತ ನಿಧಿಯೋ ಸರ್ಕಾರದ ಇಪಿಎಫ್ ಯೋಜನೆಯದೋ ಎಂದು ಕಚೇರಿಯಲ್ಲಿ ಕೇಳಿ ತಿಳಿಯಿರಿ. ಎಷ್ಟೋ ಅಯ್ಯನವರಿಗೆ ಇದು ಗೊತ್ತಿಲ್ಲ. ಇಪಿಎಫ್ ಆಗಿದ್ದರೆ ಅದರೊಳಗಿನ ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು, ಪೂರ್ಣ ಪಿಂಚಣಿ ಶುರುವಾಗುವುದು 58ಕ್ಕೆ, ಸದಸ್ಯರು ತೀರಿಕೊಂಡರೆ ವಿಧವೆಗೂ ಪಿಂಚಣಿ ಉಂಟು. ಮಗಳ ಮದುವೆಗೆಂದು ಆ ನಿಧಿಯನ್ನು ಬರಿದು ಮಾಡಬೇಡಿ. ಸರಳವಾಗಿ ಮದುವೆ ಮಾಡಿದ ಅಯ್ಯನವರನ್ನು ಸಭೆ ಎಂದೂ ಕೀಳಾಗಿ ಕಂಡಿಲ್ಲ. ನಿವೃತ್ತಿಯಲ್ಲಿ ಕೈಗೆ ಬರುವ ಹಣಕ್ಕೆ ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 60 ತುಂಬಿದವರು 30 ಲಕ್ಷದವರೆಗೆ ಐದು ವರ್ಷಕ್ಕೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ. ಚೀಟಿ ವ್ಯವಹಾರದವರು, ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರು ನಿವೃತ್ತ ಪಾದ್ರಿಗಳ ಮನೆಗೆ ಬೈಬಲ್ ಹಿಡಿದೇ ಬರುತ್ತಾರೆ. ಅವರಿಗೆ ಟೀ ಕೊಟ್ಟು ಕಳಿಸಿ. ಆರೋಗ್ಯ ವಿಮೆಯನ್ನು ಸಕ್ಕರೆ ಕಾಯಿಲೆ, ಬಿಪಿ ಶುರುವಾಗುವ ಮೊದಲೇ ಮಾಡಿಸಿ.

ವರ್ಗಾವಣೆಯ ಬದುಕಿನಲ್ಲಿ ನಮ್ಮ ಕಾಗದಪತ್ರಗಳು ಊರೂರಿಗೆ ಚೆಲ್ಲಿಹೋಗಿರುತ್ತವೆ. ಒಂದು ಊರಿನ ಬ್ಯಾಂಕಿನಲ್ಲಿ ಮರೆತ ಖಾತೆ, ಇನ್ನೊಂದೂರಿನ ಅಂಚೆ ಕಚೇರಿಯಲ್ಲಿ ಆರ್.ಡಿ., ಎಲ್ಲದಕ್ಕೂ ನಾಮಿನಿ ಎಂದೋ ತೀರಿಕೊಂಡ ತಾಯಿ. ಹತ್ತು ವರ್ಷ ಮುಟ್ಟದ ಖಾತೆಯ ಹಣವನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಒಪ್ಪಿಸುತ್ತವೆ. ಆಮೇಲೂ ಅರ್ಜಿ ಹಾಕಿ ಪಡೆಯಬಹುದು, ಆದರೆ ಅಂಥ ಖಾತೆ ಇದೆಯೆಂದು ಹೆಂಡತಿಗೆ ಗೊತ್ತಿದ್ದರೆ ತಾನೇ? ಆಧಾರಿನಲ್ಲಿ, ಮತದಾರರ ಚೀಟಿಯಲ್ಲಿ, ರೇಷನ್ ಕಾರ್ಡಿನಲ್ಲಿ ಇರುವುದು ಸಭೆಯ ಮನೆಯ ವಿಳಾಸ. ಒಂದು ಮಳೆಗಾಲದ ಸಂಜೆ ಇಬ್ಬರೂ ಕುಳಿತು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮರಣಶಾಸನ ಬರೆಯಿರಿ. ಬೇರೆಯವರ ಸಾವಿನ ಮಂಚದ ಪಕ್ಕ ನಿಂತು ಧೈರ್ಯ ಹೇಳುವ ನೀವು ನಿಮ್ಮ ಉಯಿಲನ್ನು ಮಾತ್ರ ಮುಂದಕ್ಕೆ ಹಾಕುತ್ತೀರಿ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲಿಲ್ಲದೆ ಸತ್ತರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಉಳಿದ ಎರಡು ಪಾಲು. ಕೇಳಲು ನ್ಯಾಯವಾಗಿದೆ. ಆದರೆ ಇರುವುದು ಎರಡು ಕೋಣೆಯ ಮನೆ ಒಂದೇ ಆದಾಗ ಅದರ ಮೂರರಲ್ಲೊಂದು ಪಾಲಿನಲ್ಲಿ ಮುದುಕಿ ಎಲ್ಲಿ ಒಲೆ ಹೂಡಬೇಕು? ತಾನು ಬದುಕಿರುವವರೆಗೆ ಆ ಮನೆಯಲ್ಲಿರುವ ಹಕ್ಕು ಆಕೆಗಿದೆ ಎಂದು ಬರೆದಿಟ್ಟರೆ ಒಳ್ಳೆಯ ಮಕ್ಕಳಿಗೂ ನೆಮ್ಮದಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಭದ್ರ. ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರು ಅಥವಾ ಅವರ ಗಂಡ ಹೆಂಡತಿ ಸಾಕ್ಷಿ ಹಾಕಿದರೆ ನಮ್ಮ ಕಾಯ್ದೆಯಲ್ಲಿ ಅವರಿಗೆ ಬರೆದದ್ದು ಅಸಿಂಧುವಾಗುತ್ತದೆ. ಮನೆಯವರೇ ಸಹಿ ಹಾಕಿಬಿಡುವುದು ನಮ್ಮಲ್ಲಿ ರೂಢಿ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ಕೆಲಸ. ದೇವರ ಸೇವೆಗೆ ನಿವೃತ್ತಿ ಎಲ್ಲಿದೆ ಎಂದು ಬೀಳ್ಕೊಡುಗೆ ಸಭೆಗಳಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಅರಣ್ಯಕಾಂಡದ ಎಂಟನೆಯ ಅಧ್ಯಾಯವನ್ನು ಓದಿದವರು ಹಾಗೆ ಹೇಳಲಾರರು. ಲೇವಿಯರು ಇಪ್ಪತ್ತೈದಕ್ಕೆ ದೇವದರ್ಶನದ ಗುಡಾರದ ಕೆಲಸಕ್ಕೆ ಸೇರಬೇಕು, ಐವತ್ತಕ್ಕೆ ಬಿಡಬೇಕು. ಆಮೇಲೆ ತಮ್ಮ ಸಹೋದರರಿಗೆ ನೆರವಾಗಿ ಕಾವಲಿರಬಹುದು, ಗುಡಾರದ ಕೆಲಸ ಮಾಡಕೂಡದು. ಅವರಲ್ಲಿ ಕೆಹಾತ್ಯರು ಪವಿತ್ರ ವಸ್ತುಗಳನ್ನು ಗಾಡಿಯಲ್ಲಿಡದೆ ಹೆಗಲ ಮೇಲೆಯೇ ಹೊರಬೇಕಿತ್ತು. ಹೆಗಲಿಗೆ ವಯಸ್ಸಾಗುತ್ತದೆಂದು ದೇವರಿಗೆ ಗೊತ್ತಿತ್ತು. ಸೇವೆ ನಿಲ್ಲುವುದಿಲ್ಲ, ಹೊರೆ ಕೆಳಗಿಳಿಯುತ್ತದೆ. ಕಥೋಲಿಕ ಸಭೆಯ 1983ರ ಧರ್ಮಶಾಸನ ಸಂಹಿತೆಯೂ 75 ತುಂಬಿದ ವಿಚಾರಣಾ ಗುರುಗಳು ರಾಜೀನಾಮೆಯನ್ನು ಬಿಷಪರಿಗೆ ಒಪ್ಪಿಸಬೇಕೆಂದು ಕೇಳಿಕೊಳ್ಳುತ್ತದೆ. 2013ರ ಫೆಬ್ರವರಿಯಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ತಮ್ಮ ಬಲ ಕುಂದಿದೆಯೆಂದು ಲೋಕದ ಮುಂದೆ ಹೇಳಿ ಪೀಠದಿಂದ ಇಳಿದಾಗ, ನಾವು ಪ್ರೊಟೆಸ್ಟೆಂಟರಾದರೂ, ನಮ್ಮ ಮನೆಯಲ್ಲಿ ಆ ಸುದ್ದಿಯನ್ನು ಎರಡು ಸಲ ಓದಿಕೊಂಡೆವು.

ಇಳಿದ ಮೇಲೆ ಏನು ಮಾಡುತ್ತೀರಿ ಎಂಬುದನ್ನು ಇಳಿಯುವ ಮೊದಲೇ ರೂಢಿ ಮಾಡಿಕೊಳ್ಳಬೇಕು. ನಿವೃತ್ತಿಯಾದ ಮೇಲೆ ಫೋನು ನಿಂತುಹೋಗುತ್ತದೆ. ಅದುವರೆಗೆ ಊಟದ ನಡುವೆ, ರಾತ್ರಿ ಎರಡು ಗಂಟೆಗೆ, ಸ್ನಾನಕ್ಕೆ ಹೋದಾಗ ರಿಂಗಾಗುತ್ತಿದ್ದ ಫೋನು. ಯಜಮಾನರು ಅದನ್ನು ಕೈಗೆತ್ತಿಕೊಂಡು ಚಾರ್ಜ್ ಇದೆಯೋ ಎಂದು ನೋಡುತ್ತಿದ್ದರು. ಶನಿವಾರ ಸಂಜೆಯಾದರೆ ಕೋಣೆಯೊಳಗೆ ಹೋಗಿ ಮೇಜಿನ ಮುಂದೆ ಕುಳಿತುಬಿಡುತ್ತಿದ್ದರು, ನಾಳೆ ಪ್ರಸಂಗವಿಲ್ಲವೆಂದು ಗೊತ್ತಿದ್ದೂ. ಅವರನ್ನು ಉಳಿಸಿದ್ದು ಎಷ್ಟೋ ಮೊದಲೇ ಹಿಡಿದಿದ್ದ ಒಂದು ಕೆಲಸ. ಹಳೆಯ ಸಭೆಗಳ ಸಮಾಧಿಭೂಮಿಗಳಲ್ಲಿ ಕಲ್ಲಿನ ಬರಹಗಳನ್ನು ಪ್ರತಿಮಾಡಿಕೊಳ್ಳುತ್ತಿದ್ದರು. ಕೆಲವು ಹೆಸರು ಅಳಿಸಿಹೋಗಿ ಸುಣ್ಣದ ಪುಡಿ ತೀಡಿದರೆ ಮಾತ್ರ ಕಾಣುತ್ತವೆ. ಈಗ ಅದನ್ನೇ ಬೆಳೆಸಿ ಆ ಕುಟುಂಬಗಳ ಚರಿತ್ರೆ ಬರೆಯುತ್ತಿದ್ದಾರೆ. ಶನಿವಾರದ ಮೇಜಿಗೆ ಮತ್ತೆ ಕೆಲಸ ಬಂತು.

ನಮ್ಮವರಿಗೆ ಫರ್ಡಿನಾಂಡ್ ಕಿಟ್ಟೆಲರ ಹೆಸರು ಗೊತ್ತು, 1894ರ ನಿಘಂಟೂ ಗೊತ್ತು. ಅವರು ಕರ್ನಾಟಕ ಬಿಟ್ಟು ಜರ್ಮನಿಗೆ ಮರಳಿದ ಮೇಲಿನ ವರ್ಷಗಳ ಕಡೆಗೆ ನಾವು ಅಷ್ಟಾಗಿ ನೋಡುವುದಿಲ್ಲ. ಅಲ್ಲಿ ಕುಳಿತೂ ಆ ಮನುಷ್ಯ ಕನ್ನಡದ ಕೆಲಸವನ್ನೇ ಮುಂದುವರಿಸಿದರು. ಅವರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದು 1903ರಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ, 71ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಭೆ ಕೈಬಿಟ್ಟರೂ ಕೈಬಿಡದಂಥ ಒಂದು ಕೆಲಸ ಅವರಿಗಿತ್ತು. ನಿಮಗೆ ನಿಘಂಟೇ ಆಗಬೇಕೆಂದಿಲ್ಲ. ತೋಟವಾಗಬಹುದು, ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುವುದಾಗಬಹುದು, ಆಸ್ಪತ್ರೆಯ ವಾರ್ಡಿನಲ್ಲಿ ಕಾಗದ ಓದಲು ಬಾರದವರಿಗೆ ಓದಿ ಹೇಳುವುದಾಗಬಹುದು. ಅಯ್ಯನವರೆಂಬ ಹೆಸರಿಲ್ಲದೆಯೂ ನಡೆಯುವ ಕೆಲಸವಾಗಿರಲಿ, ಐವತ್ತರಲ್ಲೇ ಶುರುವಾಗಲಿ.

ಸಭೆಯನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೇ ಕೊನೆಗಿಟ್ಟೆ.

ಬಿಡುವ ಮೊದಲು ಲೆಕ್ಕ ಒಪ್ಪಿಸಿ. ಸಮುವೇಲನು ಮುದುಕನಾಗಿ ಜನರೆಲ್ಲರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡಿದ್ದೇನೆ, ಯಾರಿಗೆ ಅನ್ಯಾಯ ಮಾಡಿದ್ದೇನೆ ಹೇಳಿ ಎಂದು ಕೇಳಿದನು. ನಿಮ್ಮ ಬೀಳ್ಕೊಡುಗೆಗೆ ಮೊದಲೇ ಕಿರಾಣಿ ಅಂಗಡಿಯ ಬಾಕಿ ತೀರಲಿ, ಕೈಸಾಲ ತೀರಲಿ, ಸಭೆಯ ಖಾತೆಯ ಪ್ರತಿ ರಸೀತಿ ಕಮಿಟಿಯ ಕೈ ಸೇರಲಿ. ರಿಜಿಸ್ಟರುಗಳನ್ನು ಒಮ್ಮೆ ಪುಟ ಪುಟ ತಿರುವಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ನೀವು ಮಾಡಿಸಿದ ಮದುವೆಯ ಪುಟದಲ್ಲಿ ಒಂದು ಸಹಿ ಬಿಟ್ಟುಹೋಗಿದ್ದರೆ ಅದು ಈಗ ಯಾರಿಗೂ ಕಾಣುವುದಿಲ್ಲ. ಮೂವತ್ತು ವರ್ಷದ ಮೇಲೆ ಒಬ್ಬ ವಿಧವೆ ಪಿಂಚಣಿಗಾಗಿ ಪ್ರಮಾಣಪತ್ರ ಕೇಳಿಕೊಂಡು ಬಂದಾಗ ಕಾಣುತ್ತದೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರು ಖಾಲಿ ಬಿಟ್ಟಿದ್ದರೆ ಆ ಮನೆಗೆ ಹೋಗಿ ಕೇಳಿ ತುಂಬಿಸಿ. ಮುನಿಸಿಕೊಂಡ ಮನೆಗಳೂ ಇರುತ್ತವೆ, ಪ್ರತಿ ಸಭೆಯಲ್ಲೂ ಒಂದೋ ಎರಡೋ. ಹೋಗುವ ಮೊದಲು ಆ ಬಾಗಿಲನ್ನೂ ತಟ್ಟಿ ಬನ್ನಿ.

ಆಮೇಲೆ ನಿಜವಾಗಿ ಬಿಡಿ. ಯೆಹೋಶುವನನ್ನು ಯಾಜಕನ ಮುಂದೆ, ಇಡೀ ಸಮೂಹದ ಮುಂದೆ ನಿಲ್ಲಿಸಿ ಮೋಶೆ ತಲೆಯ ಮೇಲೆ ಕೈಯಿಟ್ಟದ್ದು ತಾನು ಬದುಕಿದ್ದಾಗಲೇ. ತನಗಿದ್ದ ಅಧಿಕಾರದಲ್ಲಿ ಒಂದಿಷ್ಟನ್ನು ಆಗಲೇ ಅವನಿಗೆ ಕೊಡಬೇಕೆಂದು ಅಪ್ಪಣೆಯಾಗಿತ್ತು. ಕೊನೆಯ ಎರಡು ಮೂರು ವರ್ಷ ದೃಢೀಕರಣದ ಪಾಠ, ರೋಗಿಗಳ ಭೇಟಿ, ಕಮಿಟಿಯ ಕೆಲಸವನ್ನು ಕಿರಿಯರಿಗೂ ಸಭೆಯ ಹಿರಿಯರಿಗೂ ಬಿಟ್ಟುಕೊಡುತ್ತಾ ಬನ್ನಿ. ನೀವು ಹೋದ ಮೇಲೆ ಜನ ಬರುತ್ತಾರೆ. "ನಮ್ಮ ಹುಡುಗಿ ಮದುವಿ ನೀವ ಮಾಡಬೇಕ್ರೀ" ಎಂದು ಕೈಹಿಡಿಯುತ್ತಾರೆ. ಆ ಹುಡುಗಿಯ ತಲೆಯ ಮೇಲೆ ದೀಕ್ಷಾಸ್ನಾನದ ನೀರು ಹಾಕಿದವರು ನೀವು, ಇಲ್ಲ ಅನ್ನುವುದು ಹೇಗೆ? ನಮ್ಮ ಮನೆಯಲ್ಲಿ ನಾವು ಒಂದೇ ಮಾತು ಇಟ್ಟುಕೊಂಡೆವು. "ನಿಮ್ಮ ಅಯ್ಯನವರು ಕರೆದರೆ ಬರ್ತೀವಿ." ಅವರು ಕರೆದಾಗ ಹೋದೆವು, ಪ್ರಾರ್ಥನೆ ಮಾಡಿ ಅಂದರೆ ಮಾಡಿದೆವು, ಊಟ ಮಾಡಿ ಬಂದೆವು. ಇನ್ನು ಕೆಲವರು ಹೊಸಬರ ಮೇಲೆ ದೂರು ಹೊತ್ತು ತರುತ್ತಾರೆ. ನಿಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂಬ ಮಾತು ಕಿವಿಗೆ ಬಹಳ ಸಿಹಿ. ನಿಮ್ಮ ಕಾಲದಲ್ಲೂ ನಿಮಗಿಂತ ಮೊದಲಿನವರ ಮನೆಗೆ ಇಂಥವರು ಹೋಗಿರುತ್ತಾರೆ. ಟೀ ಕೊಡಿ, ಅವರ ಮನೆಯವರ ಆರೋಗ್ಯ ವಿಚಾರಿಸಿ, ದೂರನ್ನು ಅಲ್ಲಿಗೇ ಬಿಡಿ. ಕೊನೆಯ ಸಭೆ ಇದ್ದ ಊರಿನಲ್ಲೇ ನೆಲೆಸಬೇಡಿ. ನೆಲೆಸಲೇಬೇಕಾದರೆ ಮೊದಲ ವರ್ಷವಾದರೂ ಬೇರೆ ದೇವಾಲಯಕ್ಕೆ ಹೋಗಿ. ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು, ಮೊಣಕಾಲೂರಿ ಪ್ರಾರ್ಥಿಸಿ, ಎಲ್ಲರೂ ಕೊರಳಪ್ಪಿ ಅತ್ತ ಮೇಲೆ ಹಡಗು ಹತ್ತಿದನು. ಚೆನ್ನಾಗಿ ಅಳಿ. ಅಳು ಬರುತ್ತದೆ. ಅತ್ತ ಮೇಲೆ ಹಡಗು ಹತ್ತಿ.

ಹೆಂಡತಿಯರ ಬಗ್ಗೆ ನಾನು ಹೇಳದಿದ್ದರೆ ಯಾರೂ ಹೇಳುವುದಿಲ್ಲ. ನಿಮ್ಮ ಜೊತೆ ನಾವೂ ನಿವೃತ್ತರಾಗುತ್ತೇವೆ, ನಮಗೆ ಹಾರವಿಲ್ಲ, ಭವಿಷ್ಯನಿಧಿಯಿಲ್ಲ. ಸಂಬಳವಿಲ್ಲದೆ ಮಾಡಿದ ಸಭೆಯ ಕೆಲಸದ ಜೊತೆಗೆ ಗೆಳತಿಯರೂ ಹೋಗುತ್ತಾರೆ, ನೆಟ್ಟ ಕರಿಬೇವಿನ ಗಿಡವೂ ಹೋಗುತ್ತದೆ. ವರ್ಗಾವಣೆಯಾದಾಗಲೆಲ್ಲ ಶಿಕ್ಷಕಿಯ ಕೆಲಸ ಬಿಟ್ಟುಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ! ಆಕೆಯ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ, ತಿಂಗಳಿಗೆ ಸ್ವಲ್ಪವಾದರೂ ಹಾಕಿ. ಎಲ್ಲಿ ನೆಲೆಸಬೇಕೆಂದು ಆಕೆಯನ್ನು ಕೇಳಿ, ಕೇಳಿದ ಮೇಲೆ ಆಕೆ ಹೇಳಿದ್ದನ್ನು ಕೇಳಿಸಿಕೊಳ್ಳಿ. ನಿಮ್ಮಲ್ಲಿ ದೀಕ್ಷೆ ಪಡೆದ ಸ್ತ್ರೀಯರೂ ಇದ್ದೀರಿ, ತಾಯಂದಿರೇ. ನಿಮ್ಮ ಯಜಮಾನರಿಗೂ ಇದೇ ಮಾತು ಓದಿ ಹೇಳಿ. ಒಂಟಿಯಾಗಿರುವವರು ನಂಬಿಕಸ್ತ ಸೋದರಿಯನ್ನೋ ಗೆಳತಿಯನ್ನೋ ಈಗಲೇ ಗೊತ್ತುಮಾಡಿ ಕಾಗದಪತ್ರ ಎಲ್ಲಿವೆಯೆಂದು ತಿಳಿಸಿ.

ಸ್ವತಂತ್ರ ಸಭೆಗಳ ಪಾಸ್ಟರರೇ, ನಿಮ್ಮಲ್ಲಿ ಹೆಚ್ಚಿನವರಿಗೆ ನಿವೃತ್ತಿಯ ವಯಸ್ಸೂ ಇಲ್ಲ, ನಿಧಿಯೂ ಇಲ್ಲ, ಬಿಷಪರೂ ಇಲ್ಲ. ಬಾಡಿಗೆ ಹಾಲಿನಲ್ಲಿ ಹತ್ತು ಜನರಿಂದ ಶುರುಮಾಡಿ ಸಭೆ ಕಟ್ಟಿದವರು ನೀವು. ಸಭೆಯ ಜಾಗ ನಿಮ್ಮ ಸ್ವಂತ ಹೆಸರಿನಲ್ಲಿದ್ದರೆ ಅದನ್ನು ಬದುಕಿದ್ದಾಗಲೇ ಟ್ರಸ್ಟಿಗೆ ಮಾಡಿಕೊಡಿ. ಇಲ್ಲದಿದ್ದರೆ ನೀವು ಹೋದ ಮರುದಿನ ಅದು ನಿಮ್ಮ ವಾರಸುದಾರರ ಆಸ್ತಿ, ಜನ ಬೀದಿಗೆ. ಜೊತೆಗೆ, ನಿಮ್ಮ ಮನೆಗಾಗಿ ಬೇರೆಯಾಗಿ ಉಳಿಸುವುದಕ್ಕೆ ನಾಚಬೇಡಿ. ಪ್ರತಿ ತಿಂಗಳ ಕಾಣಿಕೆಯಲ್ಲಿ ಪಾಸ್ಟರರ ಮುಪ್ಪಿಗೆ ಇಷ್ಟೆಂದು ಎತ್ತಿಡಲು ಸಭೆಯ ಹಿರಿಯರೊಂದಿಗೆ ಬಾಯಿಬಿಟ್ಟು ಮಾತಾಡಿ, ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಇನ್ನೂ ನಲವತ್ತು ತುಂಬದ ಸುವಾರ್ತಿಕರು, ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ, ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು. 60ರ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿ ಬರುತ್ತದೆ. ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲ, ಗುಳಿಗೆ ಔಷಧಿಗಾದರೂ ಆದೀತು.

ಪ್ರಿಯ ಅಯ್ಯನವರೇ, ನಿಮ್ಮ ಮುಂದಿನ ಸಭಾಪಾಲಕರ ಕೂಟದ ಕಾರ್ಯಕ್ರಮ ಪಟ್ಟಿಯಲ್ಲಿ ಇದಕ್ಕೊಂದು ಪೂರ್ತಿ ಬೆಳಗಿನ ಹೊತ್ತು ಇಡಿಸಿ. ಭವಿಷ್ಯನಿಧಿಯ ಲೆಕ್ಕ ನೋಡುವವರನ್ನು ಕರೆಯಿರಿ, ಉಯಿಲು ಬರೆಸುವ ವಕೀಲರೊಬ್ಬರನ್ನು ಕರೆಯಿರಿ, ಈಗಾಗಲೇ ನಿವೃತ್ತರಾದ ಇಬ್ಬರು ಹಿರಿಯರನ್ನು ಮುಂದೆ ಕೂರಿಸಿ ಅವರ ದಿನಗಳು ಹೇಗೆ ಸಾಗುತ್ತಿವೆ ಎಂದು ಕೇಳಿ. ಸೇವೆಯಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಬೇರೆ ಮನೆ ಸಿಗುವವರೆಗೆ ಇಷ್ಟು ತಿಂಗಳು ಸಭೆಯ ಮನೆ, ಆಮೇಲೆ ಇಷ್ಟು ತಿಂಗಳು ಬಾಡಿಗೆ ಎಂಬ ನಿಯಮ ನಿಮ್ಮ ಸಭಾಪ್ರಾಂತ್ಯದಲ್ಲಿ ಇಲ್ಲದಿದ್ದರೆ ಅಂದೇ ಬರೆದು ಮನವಿ ಸಲ್ಲಿಸಿ. ಅಂದಿನ ಕೂಟಕ್ಕೆ ಹೆಂಡತಿಯರನ್ನೂ ಕರೆತನ್ನಿ, ಅಡುಗೆಗೆ ಬೇರೆಯವರನ್ನು ಇಡಿ. ನಾವು ಒಳಗೆ ಕುಳಿತು ಕೇಳಬೇಕು.

ಇಂತಿ ಕರ್ತನಲ್ಲಿ ನಿಮ್ಮ ಸಹೋದರಿ,
ನಿವೃತ್ತ ಸಭಾಪಾಲಕರೊಬ್ಬರ ಹೆಂಡತಿ